ಅವರಿಗೆ ನಲವತ್ತು ಮಾತ್ರೆ

ಫೆಬ್ರವರಿ 3

ಪ್ರೀತಿಯ ಚೂಟಿ,

ನಿನಗೆ ಕಾಗದ ಬರೆದು ನಾಲ್ಕು ತಿಂಗಳಾಯಿತು. ಬೈಯಬೇಕು ಅನ್ನಿಸಿದರೆ ಇಲ್ಲೇ ಬೈದು ಮುಗಿಸಿ ಮುಂದಕ್ಕೆ ಓದು. ಲಾಡ್ಜಿನ ಬಟ್ಟೆ ಒಗೆಯುವ ಕೋಣೆಯಲ್ಲಿ, ಹಾಸಿಗೆ ಬಟ್ಟೆ ಮಡಚುವ ಉದ್ದನೆಯ ಮೇಜಿನ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಎರಡು ಯಂತ್ರ ತಿರುಗುತ್ತಿವೆ, ಮೂರನೆಯದು ಕೆಟ್ಟು ಕೂತಿದೆ. ಹಬೆಗೆ ಶಾಯಿ ಹರಡಿದರೆ ಬೇಜಾರು ಮಾಡಿಕೊಳ್ಳಬೇಡ. ಮನೆಯಲ್ಲಿರುವುದು ಒಂದೇ ಫೋನು, ಆ ನಂಬರು ಕಂಡರೆ ನೀನು ಎತ್ತುವುದಿಲ್ಲ. ನೀನು ಕೆಲಸ ಮಾಡುವ ಔಷಧದ ಅಂಗಡಿಗೆ ಮಾಡಿದರೆ ಸ್ವಂತ ಮಾತಿಗೆ ಅಲ್ಲಿಯ ಯಜಮಾನರು ಮುಖ ಗಂಟು ಹಾಕುತ್ತಾರೆ. ಅತ್ತೆಗೆ ಈಗ ಎಡಗಿವಿಯೂ ಮಂದವಾಗಿದೆ, ಜೋರಾಗಿ ಕೂಗಿದರೆ ಬೀದಿಗೆಲ್ಲ ಕೇಳಿ ಅವರಿಗೆ ಮಾತ್ರ ಕೇಳುವುದಿಲ್ಲ.

ಸುತ್ತಿಬಳಸಿ ಬರೆಯಲು ನನಗೆ ಬಾರದು. ಅವರಿಗೆ ಹೊಟ್ಟೆ ಕೆಟ್ಟು ಐದು ವಾರವಾಯಿತು. ವಸಡು ಬಾತು ಹಲ್ಲು ಕೀಳಿಸಿಕೊಂಡಿದ್ದರು. ಕೀವು ಒಣಗಲಿ ಅಂತ ಡಾಕ್ಟರು ಒಂದು ವಾರ ಮಾತ್ರೆ ಕೊಟ್ಟರು. ವಸಡು ಸರಿಹೋಯಿತು, ಹೊಟ್ಟೆ ಕೆಟ್ಟಿತು. ದಿನಕ್ಕೆ ಹತ್ತು, ಹನ್ನೆರಡು ಸಲ, ಬರೀ ನೀರು. ಆ ಮಾತ್ರೆ ಕರುಳಿನ ಒಳ್ಳೆಯ ಕ್ರಿಮಿಯನ್ನೂ ಕೊಂದು ಕೆಟ್ಟದ್ದಕ್ಕೆ ಜಾಗ ಮಾಡಿಕೊಟ್ಟಿದೆಯಂತೆ. ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುವ ಮಾತ್ರೆ ಹತ್ತು ದಿನ ನುಂಗಿದರು. ನಿಂತಿತು. ಆರು ದಿನ ಬಿಟ್ಟು ಮತ್ತೆ ಶುರುವಾಯಿತು.

ಈಗ ಬೇರೆ ಮಾತ್ರೆ ಬರೆದುಕೊಟ್ಟಿದ್ದಾರೆ. ಚೀಟಿ ಇದರ ಜೊತೆ ಇಟ್ಟಿದ್ದೇನೆ. ಇಲ್ಲಿಯ ಅಂಗಡಿಯವನು ಬೆಲೆ ಹೇಳಿದಾಗ ನಾನು ಇನ್ನೊಮ್ಮೆ ಹೇಳಪ್ಪಾ ಅಂದೆ. ಅವನು ಇನ್ನೊಮ್ಮೆ ಹೇಳಿದ. ನನ್ನ ಒಂದು ತಿಂಗಳ ಸಂಬಳ ಇಟ್ಟರೆ ಆರು ದಿನದ ಮಾತ್ರೆ ಬರುತ್ತದೆ. ಬೇಕಾದದ್ದು ಹತ್ತು ದಿನದ್ದು. ಅಂಗಡಿಯಲ್ಲಿ ಕೆಲಸ ಮಾಡುವವರಿಗೆ ರಿಯಾಯಿತಿ ಉಂಟು ಅಂತ ನೀನು ಯಾವಾಗಲೋ ಬರೆದಿದ್ದೆ. ಕೇಳಲು ನಾಚಿಕೆಯಾಗುತ್ತದೆ, ಆದರೂ ಕೇಳುತ್ತಿದ್ದೇನೆ. ಅವರು ದಿನದಿಂದ ದಿನಕ್ಕೆ ಇಳಿದುಹೋಗುತ್ತಿದ್ದಾರೆ.

ನಿನ್ನ ಅತ್ತಿಗೆ


ಫೆಬ್ರವರಿ 9

ಅತ್ತಿಗೆ,

ಐದು ವಾರ! ಅಮ್ಮನಿಗೆ ಹೀಗಾಗಿ ಐದು ವಾರ ಕಳೆದ ಮೇಲೆ ಬರೆಯುತ್ತಿದ್ದೀರಲ್ಲ, ಮನೆ ಸುಟ್ಟ ಮೇಲೆ ಬಾವಿ ತೋಡುವುದಕ್ಕೆ ನಿಮ್ಮಿಂದಲೇ ಕಲಿಯಬೇಕು. ಎಪ್ಪತ್ತೊಂದರ ಮುದುಕಿ ಎಷ್ಟು ಅಂತ ತಡೆದುಕೊಂಡಾಳು? ಅವಳ ಹೊಟ್ಟೆ ಮೊದಲೇ ಗಾಜಿನ ಲೋಟ. ಉಪ್ಪು ಸಕ್ಕರೆ ಹಾಕಿದ ನೀರು ಗಂಟೆಗೊಮ್ಮೆ ಕುಡಿಸಿ, ಬೇಡ ಅಂದರೂ ಕುಡಿಸಿ.

ಚೀಟಿ ನೋಡಿದೆ. ಈ ಮಾತ್ರೆಯ ಬೆಲೆ ಓದಿ ಹೇಳುವುದೇ ಈಗ ನನ್ನ ದಿನಗೆಲಸ. ಮೊದಲು ಮೂರು ಕಂಪನಿಯವರು ಮಾಡುತ್ತಿದ್ದರು, ಇಬ್ಬರು ಬಿಟ್ಟರು. ಉಳಿದವನು ಹೇಳಿದ್ದೇ ಬೆಲೆ. ವರ್ಷದಲ್ಲಿ ಮೂರು ಸಲ ಡಬ್ಬದ ಮೇಲೆ ಹೊಸ ಬೆಲೆಯ ಚೀಟಿ ಅಂಟಿಸಿದ್ದೇನೆ, ಒಂದರ ಮೇಲೊಂದು, ಉಗುರಿನಿಂದ ಕೆರೆದರೆ ಹಳೆಯ ಬೆಲೆಗಳೆಲ್ಲ ಕಾಣುತ್ತವೆ. ಜನ ಬೆಲೆ ಕೇಳುತ್ತಾರೆ, ಪರ್ಸು ತೆಗೆದು ಎಣಿಸುತ್ತಾರೆ, ಆಮೇಲೆ ‘ಎರಡು ದಿನದ್ದು ಮಾತ್ರ ಕತ್ತರಿಸಿ ಕೊಡಿ’ ಅನ್ನುತ್ತಾರೆ. ಎರಡು ದಿನದ್ದು ನುಂಗಿದರೆ ರೋಗ ನಗುತ್ತದೆ, ಅಷ್ಟೇ. ಹಾಗಂತ ಹೇಳಿದರೆ ಯಜಮಾನರು ಹಿಂದಿನಿಂದ ಕೆಮ್ಮುತ್ತಾರೆ. ಅದಕ್ಕೆ ನಾನೀಗ ಏನೂ ಹೇಳುವುದಿಲ್ಲ, ಕತ್ತರಿ ತೆಗೆದುಕೊಳ್ಳುತ್ತೇನೆ.

ಹೇಗಾದರೂ ಮಾಡಿ ಕಳಿಸುತ್ತೇನೆ. ಅಮ್ಮನಿಗೆ ಅಂತ ಕಳಿಸುತ್ತೇನೆ. ಅವನಿಗೇ ಹೀಗಾಗಿ ನೀವು ಬರೆದಿದ್ದರೆ ಚೀಟಿಯನ್ನು ಹಾಗೇ ಮಡಚಿ ವಾಪಸ್ಸು ಹಾಕುತ್ತಿದ್ದೆ. ಕೆಟ್ಟವಳು ಅಂತ ಬೇಕಾದರೆ ಅಂದುಕೊಳ್ಳಿ. ಗಂಡನ ಮನೆಯಿಂದ ತುಟಿ ಒಡೆಸಿಕೊಂಡು ಬಂದವಳನ್ನು ಬಾಗಿಲಿನಲ್ಲೇ ನಿಲ್ಲಿಸಿ ‘ಇಲ್ಲಿ ಜಾಗ ಇಲ್ಲ, ಹೋಗಿ ಹೊಂದ್ಕೊಂಡು ಬಾಳು’ ಅಂದವನು ಅವನು. ನೀವು ಹಿಂದೆ ನಿಂತು ಅಳುತ್ತಿದ್ದಿರಿ, ಅದನ್ನು ಮರೆತಿಲ್ಲ. ಅವನ ಸುದ್ದಿ ಬರೆಯಬೇಡಿ ಅಂದಿದ್ದೆ, ಆರು ವರ್ಷ ನೀವು ಒಂದು ಅಕ್ಷರವನ್ನೂ ಬರೆದಿಲ್ಲ. ಆ ಉಪಕಾರಕ್ಕೇ ನಿಮ್ಮನ್ನು ಇನ್ನೂ ಅತ್ತಿಗೆ ಅನ್ನುತ್ತೇನೆ.

ಚೂಟಿ


ಫೆಬ್ರವರಿ 14

ಚೂಟಿ,

ಈ ಕಾಗದವನ್ನು ನಿನಗೆ ಕಳಿಸುವುದಿಲ್ಲ ಅಂತ ಬರೆಯುವ ಮೊದಲೇ ಗೊತ್ತು. ಆದರೂ ಬರೆಯದಿದ್ದರೆ ಇವತ್ತು ಕೈಗೆ ಕೆಲಸ ಹತ್ತುವ ಹಾಗಿಲ್ಲ.

ಅತ್ತೆ ಗುಂಡುಕಲ್ಲಿನ ಹಾಗೆ ಇದ್ದಾರೆ. ಈಗ ಜಗುಲಿಯ ಮೇಲೆ ಕೂತು ಎದುರು ಮನೆಯವಳ ಹತ್ತಿರ ಕೈಸನ್ನೆಯಲ್ಲೇ ಜಗಳ ಆಡುತ್ತಿರುತ್ತಾರೆ. ಮಲಗಿರುವುದು ನಿನ್ನ ಅಣ್ಣ.

ನಿನ್ನ ಷರತ್ತು ಮುರಿಯಬಾರದು ಅಂತ ‘ನಿನ್ನ ಅಣ್ಣ’ ಅಂತ ಬರೆಯಲಿಲ್ಲ. ಹೆಂಡತಿಯಾದವಳು ‘ಅವರು’ ಅಂದರೆ ಇನ್ಯಾರು, ಚೂಟಿಗೆ ತಿಳಿಯುತ್ತದೆ ಅಂದುಕೊಂಡೆ. ಮೇಲಿನ ಸಾಲಿನಲ್ಲಿ ಅತ್ತೆಯ ಕಿವಿ ಬಂದಿತ್ತು, ಕೆಳಗಿನ ಸಾಲಿನಲ್ಲಿ ‘ಅವರಿಗೆ’ ಅಂದೆ. ನೀನು ಮೇಲಿಂದ ಕೆಳಕ್ಕೆ ಓದಿದೆ, ನಿನ್ನದೇನು ತಪ್ಪು? ಅತ್ತೆಯೂ ಅವರೇ, ಗಂಡನೂ ಅವರೇ. ಗೌರವ ಕೊಟ್ಟಿದ್ದರಿಂದ ಇಬ್ಬರೂ ಒಂದಾಗಿಬಿಟ್ಟರು.

ಕಾಗದ ಓದಿದ ಕೂಡಲೇ ತಿದ್ದಿ ಬರೆಯಬೇಕಿತ್ತು. ಎರಡು ದಿನದಿಂದ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೇನೆ. ತಿದ್ದಿದರೆ ನೀನು ಚೀಟಿ ಮಡಚಿ ವಾಪಸ್ಸು ಹಾಕುತ್ತೀಯ, ನೀನೇ ಬರೆದಿದ್ದೀಯ. ನಿನ್ನ ಮಾತು ಕಲ್ಲಿನ ಮೇಲೆ ಕೊರೆದದ್ದು ಅಂತ ನನಗೆ ಗೊತ್ತಿಲ್ಲವೇ? ನಿನ್ನೆ ಬೆಳಿಗ್ಗೆ ಅವರು ಕಕ್ಕಸಿನಿಂದ ಬರುವಾಗ ಗೋಡೆ ಹಿಡಿದು ಕೂತುಬಿಟ್ಟರು. ಎತ್ತಿದೆ. ಪ್ರೆಸ್ಸಿನಲ್ಲಿ ದಿಂಡು ದಿಂಡು ಕಾಗದ ಎತ್ತಿ ಯಂತ್ರಕ್ಕೆ ಕೊಡುತ್ತಿದ್ದ ಮನುಷ್ಯ, ನನ್ನ ಕೈಗೆ ಒದ್ದೆ ಬಟ್ಟೆಯ ಬುಟ್ಟಿಯಷ್ಟೂ ಭಾರ ಇರಲಿಲ್ಲ.

ನಿನ್ನನ್ನು ಬಾಗಿಲಿನಲ್ಲಿ ನಿಲ್ಲಿಸಿದವರು ಇವರೇ. ನಾನು ಇವರ ಹೆಂಡತಿಯೇ. ಎರಡೂ ನಿಜ.

ಸುಳ್ಳು ಹೇಳಿಲ್ಲ. ಅವರಿಗೆ ಅಂದೆ, ಅವರಿಗೇ ಕೊಡುತ್ತೇನೆ.


ಫೆಬ್ರವರಿ 15

ಪ್ರೀತಿಯ ಚೂಟಿ,

ನಿನ್ನ ಕಾಗದ ಬಂತು. ಬೈದದ್ದು ಸರಿಯಾಗಿಯೇ ಇದೆ. ಉಪ್ಪು ಸಕ್ಕರೆ ನೀರು ಕುಡಿಸುತ್ತಿದ್ದೇನೆ. ಆದಷ್ಟು ಬೇಗ ಕಳಿಸು. ಅವರಿಗೆ ನಿಲ್ಲಲು ತ್ರಾಣವಿಲ್ಲ.

ಅತ್ತಿಗೆ


ಫೆಬ್ರವರಿ 21

ಅತ್ತಿಗೆ,

ಇದರ ಜೊತೆ ಪಾರ್ಸೆಲ್ಲಿನಲ್ಲಿ ನಲವತ್ತು ಕ್ಯಾಪ್ಸೂಲ್ ಇವೆ. ದಿನಕ್ಕೆ ನಾಲ್ಕು, ಆರು ಗಂಟೆಗೊಂದು, ಹತ್ತು ದಿನ. ತಗಡಿನ ಹಾಳೆಯಿಂದ ಬಿಡಿಸಿ ಬಾಟಲಿಗೆ ತುಂಬಿದ್ದೇನೆ, ಅಂಚೆಯವರು ಪಾರ್ಸೆಲ್ ಎಸೆಯುವ ರೀತಿ ನೋಡಿದ್ದೀರಲ್ಲ. ಡಬ್ಬ ಎಲ್ಲಿ ಅಂತ ಕೇಳಬೇಡಿ. ರಿಯಾಯಿತಿಯಲ್ಲಿ ಸಿಕ್ಕಿತು. ಅಷ್ಟು ಸಾಕು.

ಮೂರನೇ ದಿನಕ್ಕೆ ಭೇದಿ ನಿಂತರೆ ಮಾತ್ರೆ ಉಳಿಸಿ ಎತ್ತಿಡುವ ಬುದ್ಧಿ ಅಮ್ಮನಿಗೆ ಬರುತ್ತದೆ, ನಾಳೆಗೆ ಬೇಕಾಗುತ್ತೆ ಅಂತ ಹಳೇ ಬಟನ್ನುಗಳನ್ನೂ ಕೂಡಿಡುವವಳು. ಬಿಡಬೇಡಿ. ನಲವತ್ತೂ ಹೊಟ್ಟೆಗೆ ಹೋಗಬೇಕು. ನುಂಗುವವರೆಗೂ ಎದುರಿಗೇ ನಿಲ್ಲಿ. ಮತ್ತೆ, ಅವಳ ಎಡಗಿವಿಯ ಹತ್ತಿರ ಬಾಯಿಟ್ಟು ಹೇಳಿ: ‘ನಿನ್ನ ಮಗಳು ಕಳಿಸಿದಾಳೆ, ಬೇಗ ಹುಷಾರಾಗ್ಬೇಕಂತೆ.’ ಅವಳು ಏನಂದಳು ಅಂತ ಬರೆಯಿರಿ.

ಚೂಟಿ


ಮಾರ್ಚ್ 12

ಪ್ರೀತಿಯ ಚೂಟಿ,

ನಲವತ್ತೂ ಮುಗಿದವು. ಒಂದೂ ಬಿಡಲಿಲ್ಲ. ನಾಲ್ಕನೇ ದಿನ ನೀರಾಗುವುದು ನಿಂತಿತು. ಏಳನೇ ದಿನ ಹಸಿವು ಅಂದರು. ಈಗ ಎದ್ದು ಓಡಾಡುತ್ತಾರೆ, ಹಾಸಿಗೆ ತಾವೇ ಮಡಚುತ್ತಾರೆ, ಊಟಕ್ಕೆ ಉಪ್ಪು ಕಡಿಮೆ ಅಂತ ತಕರಾರೂ ತೆಗೆದರು. ತಕರಾರು ಕೇಳಿ ಇಷ್ಟು ಸಂತೋಷವಾದದ್ದು ಇದೇ ಮೊದಲು.

ನೀನು ಹೇಳಿದ ಹಾಗೆ ಅತ್ತೆಯ ಎಡಗಿವಿಯಲ್ಲಿ ಹೇಳಿದೆ. ‘ನಂಗೇನಾಗಿದೆ ರೋಗ? ನಾನು ಗಟ್ಟಿಯಾಗೇ ಇದೀನಿ. ಅವಳು ಹ್ಯಾಗಿದಾಳೆ ಕೇಳು’ ಅಂದರು. ಅಂದದ್ದನ್ನು ಅಂದ ಹಾಗೆಯೇ ಬರೆದಿದ್ದೇನೆ.

ನಿನ್ನ ಋಣ ದೊಡ್ಡದು ಚೂಟಿ. ಹೇಗೆ ತೀರಿಸುವುದೋ ತಿಳಿಯದು. ಇಲ್ಲಿ ಮೂರನೇ ಯಂತ್ರವನ್ನೂ ರಿಪೇರಿ ಮಾಡಿಸಿದರು, ಆ ಖರ್ಚು ಸರಿದೂಗಿಸಲು ನನ್ನ ಜೊತೆ ಮಡಚುತ್ತಿದ್ದವಳನ್ನು ಕೆಲಸದಿಂದ ಬಿಡಿಸಿದರು.

ಅತ್ತಿಗೆ


ಮಾರ್ಚ್ 19

ಅತ್ತಿಗೆ,

‘ನಂಗೇನಾಗಿದೆ ರೋಗ’ ಅಂದಳೇ! ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ಸಾವಿನ ಬಾಗಿಲು ತಟ್ಟಿ ಬಂದ ಮುದುಕಿಗೆ ಜಂಭ ನೋಡಿ. ಕೌಂಟರಿನಲ್ಲಿ ನಿಂತಿದ್ದವರೊಬ್ಬರು ಏನಮ್ಮ ಶುಭ ಸಮಾಚಾರವಾ ಅಂದರು. ನಮ್ಮಮ್ಮ ಬದುಕಿದಳು ಅಂದೆ. ಅವರು ಕತ್ತರಿಸಿದ ಎರಡು ದಿನದ ಮಾತ್ರೆ ಜೇಬಿಗೆ ಹಾಕಿಕೊಂಡು ಒಳ್ಳೆಯದಾಗಲಿ ಅಂತ ಹೇಳಿ ಹೋದರು.

ಒಂದು ವಿಷಯ. ಪೂರ್ತಿ ನಿಂತಿದೆ ತಾನೇ? ಮಾತ್ರೆಯ ಬಣ್ಣ ಮಾಸಿದ ಹಾಗೆ, ಒಂದಕ್ಕೊಂದು ಅಂಟಿದ ಹಾಗೆ ಏನಾದರೂ ಇತ್ತೇ? ಸುಮ್ಮನೆ ಕೇಳಿದೆ. ಪ್ರಯಾಣದಲ್ಲಿ ಬಿಸಿ ತಾಗಿದ್ದರೆ ಅಂತ.

ಚೂಟಿ


ಏಪ್ರಿಲ್ 5

ಪ್ರೀತಿಯ ಚೂಟಿ,

ಅತ್ತೆಗೆ ಮತ್ತೆ ಶುರುವಾಗಿದೆ. ಇವತ್ತಿಗೆ ನಾಲ್ಕು ದಿನ. ನಿನ್ನೆ ಹದಿನಾಲ್ಕು ಸಲ ಹೋದರು, ಎರಡು ಸಲ ಹಾಸಿಗೆಯಲ್ಲೇ ಆಯಿತು. ಅದಕ್ಕೆ ನಾಚಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾರೆ. ನಾನು ಲಾಡ್ಜಿನಲ್ಲಿ ಊರವರ ಬಟ್ಟೆಯೆಲ್ಲ ಒಗೆಯುತ್ತೇನೆ, ನಿಮ್ಮದು ಒಗೆಯಲಾರೆನೇ ಅಂದೆ. ಕೇಳಿಸಿತೋ ಇಲ್ಲವೋ.

ಆಸ್ಪತ್ರೆಯಲ್ಲಿ ಕೊಡುವ ಪುಕ್ಕಟೆ ಮಾತ್ರೆ ಕೊಡಿಸಲೇ? ಅದು ಅಲ್ಲಿ ಯಾವಾಗಲೂ ಇರುತ್ತದೆ. ನಿನ್ನ ಮಾತ್ರೆಯನ್ನೇ ಇನ್ನೊಮ್ಮೆ ಕಳಿಸು ಅನ್ನಲು ನನಗೆ ಬಾಯಿ ಬರುತ್ತಿಲ್ಲ. ಏನು ಮಾಡಲಿ ಅಂತ ಕೂಡಲೇ ತಿಳಿಸು. ನಿನಗೆ ತಿಳಿದಷ್ಟು ನನಗೆ ತಿಳಿಯದು.

ಅತ್ತಿಗೆ


ಏಪ್ರಿಲ್ 10

ಅತ್ತಿಗೆ,

ಕಾಗದ ಕೈಗೆ ಬಂದ ಕ್ಷಣದಲ್ಲೇ ಬರೆಯುತ್ತಿದ್ದೇನೆ. ಪುಕ್ಕಟೆ ಮಾತ್ರೆ ಬೇಡ. ಅದು ಅಮ್ಮನಿಗೆ ಒಂದು ಸಲ ಕೊಟ್ಟು ಸೋತದ್ದು. ಈಗ ಬಂದಿರುವುದು ಮೂರನೇ ಸಲ. ಹೀಗೆ ಮರಳಿ ಮರಳಿ ಬಂದಾಗ ಅದು ನೀರಿಗೆ ಸಮ, ಬರೀ ಹತ್ತು ದಿನ ಹಾಳು. ಮೊದಲನೇ ಸಲವಾಗಿದ್ದರೆ ಅದನ್ನೇ ಕೊಡಿ ಅನ್ನುತ್ತಿದ್ದೆ. ಈಗ ದುಬಾರಿಯದೇ ಆಗಬೇಕು, ಈ ಸಲ ಇನ್ನೂ ಹೆಚ್ಚು ದಿನ. ನಾನು ಕಳಿಸುತ್ತೇನೆ, ಕಾಯಿರಿ. ನೀರು ಕುಡಿಸುತ್ತಾ ಇರಿ.

ಬೆಲೆ ಕಳೆದ ವಾರ ಮತ್ತೆ ಏರಿತು. ನಾಲ್ಕನೇ ಚೀಟಿ ಅಂಟಿಸಿದ್ದೂ ನಾನೇ. ನಮ್ಮ ಯಜಮಾನರು ಈಗ ದಾಸ್ತಾನೇ ಇಡುವುದಿಲ್ಲ, ಯಾರಾದರೂ ಮುಂಗಡ ಕೊಟ್ಟರೆ ಮಾತ್ರ ತರಿಸುತ್ತಾರೆ. ನಾನು ಕೊಟ್ಟಿದ್ದೇನೆ. ಹೇಗೆ ಅಂತ ಕೇಳಬೇಡಿ. ಈ ಸಲ ಡಬ್ಬದ ಸಮೇತ ಬರುತ್ತದೆ.

ನಾಲ್ಕನೇ ದಿನ ನಿಂತಿತು ಅಂತ ನೀವು ಬರೆದಿದ್ದಿರಿ. ನಿಜವಾಗಿಯೂ ನಿಂತಿತ್ತೇ? ನನ್ನ ಸಮಾಧಾನಕ್ಕೆ ಬರೆದಿರೇ? ನಿಮ್ಮ ಮಾತು ಒಮ್ಮೊಮ್ಮೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಇರುತ್ತದೆ, ಅದಕ್ಕೆ ಕೇಳಿದೆ.

ಚೂಟಿ


ಏಪ್ರಿಲ್ 16

ಪ್ರೀತಿಯ ಚೂಟಿ,

ನೀನು ಹೇಳಿದ ಹಾಗೆ ಕಾಯುತ್ತಿದ್ದೇನೆ. ನೀರು ಒಳಗೆ ನಿಲ್ಲುತ್ತಿಲ್ಲ. ಚರ್ಮ ಹಿಡಿದೆತ್ತಿದರೆ ಎತ್ತಿದ ಹಾಗೇ ಇರುತ್ತದೆ. ನಿನ್ನ ಹೆಸರು ಹಿಡಿದು ಎರಡು ಸಲ ಕರೆದರು. ಇನ್ನೂ ಎಷ್ಟು ದಿನವಾಗುತ್ತದೆ?

ಅತ್ತಿಗೆ


ಏಪ್ರಿಲ್ 21

ಅತ್ತಿಗೆ,

ಇವತ್ತು ಬೆಳಿಗ್ಗೆ ಬಂತು, ಇವತ್ತೇ ಹಾಕಿದ್ದೇನೆ. ಐವತ್ತಾರು ಇವೆ, ಹದಿನಾಲ್ಕು ದಿನಕ್ಕೆ. ತಲುಪಿದ ಗಳಿಗೆಯಲ್ಲೇ ಮೊದಲನೆಯದನ್ನು ಕೊಡಿ. ಬರುತ್ತಿದೆ, ಬರುತ್ತಿದೆ ಅಂತ ಅವಳ ಕಿವಿಯಲ್ಲಿ ಹೇಳಿ.

ಚೂಟಿ


ಏಪ್ರಿಲ್ 23

ಚೂಟಿ,

ಅತ್ತೆ ನಿನ್ನೆ ಹೋದರು. ಮಧ್ಯಾಹ್ನ ಎರಡೂವರೆಗೆ, ಆಸ್ಪತ್ರೆಯಲ್ಲಿ. ಅದರ ಹಿಂದಿನ ದಿನ ಪ್ರಜ್ಞೆ ತಪ್ಪಿತು, ಸೇರಿಸಿದೆವು. ನಿನ್ನ ಅಂಗಡಿಗೆ ಫೋನು ಮಾಡಿಸಿದೆ. ನಿನಗೆ ಹೇಳುತ್ತೇವೆ ಅಂದರು. ದೇಹ ಎತ್ತದೆ ಸಂಜೆಯವರೆಗೂ ಎಲ್ಲರೂ ನಿನಗಾಗಿ ಕಾದರು. ಬರುವುದಿಲ್ಲ ಅಂದೆಯಂತೆ.

ಅಳು ಬರಲಿಲ್ಲ. ಅವರ ಬಟ್ಟೆ, ಹೊದಿಕೆ ಎಲ್ಲ ಬಿಸಿನೀರಿಗೆ ಹಾಕಿ ಒಗೆದು ಮಡಚಿಟ್ಟೆ. ಲಾಡ್ಜಿನಲ್ಲಿ ಮಡಚುವ ಹಾಗೆಯೇ ಮಡಚಿದ್ದೆ, ಅಂಚಿಗೆ ಅಂಚು ಕೂಡಿಸಿ. ಆಮೇಲೆ ಗೊತ್ತಾಯಿತು.

ಅತ್ತಿಗೆ


ಮೇ 4

ಅತ್ತಿಗೆ,

ಬರಲಿಲ್ಲ ಅಂತ ಅಲ್ಲಿ ಎಲ್ಲರೂ ಬೈದಿರುತ್ತಾರೆ. ಆ ಮನೆಯ ಬಾಗಿಲು ತುಳಿಯುವುದಿಲ್ಲ ಅಂದಿದ್ದೆ, ಛಲದವಳು ಅಂದುಕೊಂಡಿರುತ್ತಾರೆ. ಛಲದಿಂದಲ್ಲ. ಅವಳ ಮುಖ ನೋಡುವ ಧೈರ್ಯ ಇರಲಿಲ್ಲ.

ಹನ್ನೆರಡು ದಿನದಿಂದ ಇದನ್ನು ಬರೆದು ಹರಿದು ಹಾಕುತ್ತಿದ್ದೇನೆ. ಇವತ್ತು ಹರಿಯುವುದಿಲ್ಲ. ಫೆಬ್ರವರಿಯಲ್ಲಿ ಕಳಿಸಿದ ಮಾತ್ರೆ ರಿಯಾಯಿತಿಯದಲ್ಲ. ಅದರ ತಾರೀಕು ಮುಗಿದು ಐದು ತಿಂಗಳಾಗಿತ್ತು. ಬೆಲೆ ಏರಿದ ಮೇಲೆ ಕೊಳ್ಳುವವರಿಲ್ಲದೆ ಒಂದು ಡಬ್ಬ ಅಲ್ಲೇ ಹಳತಾಯಿತು, ಕಂಪನಿಗೆ ವಾಪಸ್ಸು ಹೋಗಬೇಕಾದ ಪೆಟ್ಟಿಗೆಯಲ್ಲಿ ಇತ್ತು. ಅದನ್ನು ತೆಗೆದುಕೊಂಡೆ. ತಾರೀಕು ಕಾಣಬಾರದು ಅಂತ ಹಾಳೆಯಿಂದ ಒಂದೊಂದಾಗಿ ಬಿಡಿಸಿ ಬಾಟಲಿಗೆ ತುಂಬಿದೆ. ಅಂಚೆಯವರ ಮೇಲೆ ಹಾಕಿದ ತಪ್ಪು ನನ್ನದು. ಐದು ತಿಂಗಳಲ್ಲಿ ಏನಾಗುತ್ತದೆ, ಸ್ವಲ್ಪ ಶಕ್ತಿ ಕಡಿಮೆಯಾಗಿರಬಹುದು, ಅಷ್ಟೇ ಅಂದುಕೊಂಡೆ. ಕೌಂಟರಿಗೆ ಬಂದವರು ಕೇಳಿದ್ದರೆ ‘ಮುಟ್ಟಬೇಡಿ’ ಅನ್ನುತ್ತಿದ್ದೆ. ನನ್ನಮ್ಮನಿಗೆ ಕಳಿಸಿದೆ.

ಅದಕ್ಕೇ ಪೂರ್ತಿ ನಿಂತಿತೇ, ಬಣ್ಣ ಮಾಸಿತ್ತೇ ಅಂತ ಮತ್ತೆ ಮತ್ತೆ ಕೇಳಿದ್ದು. ಅರ್ಧ ಸತ್ತ ಮಾತ್ರೆ ಕ್ರಿಮಿಯನ್ನೂ ಅರ್ಧವೇ ಕೊಂದಿತು. ಉಳಿದದ್ದು ಬಲಿತು ಅವಳನ್ನು ತಿಂದಿತು. ಅಮ್ಮನನ್ನು ಕೊಂದವಳು ನಾನು. ಆವತ್ತು ಬಾಗಿಲಿನಲ್ಲಿ ನಿಲ್ಲಿಸಿದವನ ಮೇಲೆ ಆರು ವರ್ಷ ಹಲ್ಲು ಕಡಿದೆ. ಅವನು ಜಾಗ ಇಲ್ಲ ಅಂದ, ಅಷ್ಟೇ. ನಾನು ಮಾಡಿದ್ದು ನೋಡಿ.

ಯಜಮಾನರಿಗೂ ಹೇಳಿದೆ. ಮುಂದಿನ ತಿಂಗಳಿಂದ ಬರಬೇಡ ಅಂದರು. ಸರಿ ಅಂದೆ. ಊಟ ಮಾಡುತ್ತೇನೆ, ರುಚಿ ತಿಳಿಯುವುದಿಲ್ಲ. ಅವನಿಗೂ ಇದನ್ನು ಹೇಳಿಬಿಡಿ. ಅವನ ತಾಯಿಯೂ ಹೌದಲ್ಲ.

ಚೂಟಿ


ಮೇ 11

ಚೂಟಿ,

ಕೂತುಕೊಂಡು ಓದು.

ನಿನ್ನ ಮಾತ್ರೆ ಕೆಟ್ಟಿರಲಿಲ್ಲ. ಚೆನ್ನಾಗಿ ಕೆಲಸ ಮಾಡಿತು. ನಲವತ್ತೂ ಒಬ್ಬರ ಹೊಟ್ಟೆಗೇ ಹೋದವು, ಅವರಿಗೆ ಪೂರ್ತಿ ಗುಣವಾಯಿತು, ಎರಡು ತಿಂಗಳಾದರೂ ಮರಳಿ ಬಂದಿಲ್ಲ. ಇವತ್ತು ಬೆಳಿಗ್ಗೆ ಪ್ರೆಸ್ಸಿಗೆ ಹೋದರು. ಅವರು ಅಂದರೆ ನಿನ್ನ ಅಣ್ಣ. ಮೊದಲಿನಿಂದಲೂ ಕಾಯಿಲೆ ಇದ್ದದ್ದು ನಿನ್ನ ಅಣ್ಣನಿಗೆ.

ಮೊದಲ ಕಾಗದದಲ್ಲಿ ‘ಅವರಿಗೆ’ ಅಂದಾಗ ನಾನು ಮೋಸ ಮಾಡಬೇಕು ಅಂತ ಅಂದದ್ದಲ್ಲ. ನೀನು ಅಮ್ಮ ಅಂತ ಓದಿಕೊಂಡೆ. ನೀನು ಹಾಗೆ ಓದಿಕೊಂಡದ್ದು ಗೊತ್ತಾದ ಮೇಲೂ ನಾನು ತಿದ್ದಲಿಲ್ಲ. ತಿದ್ದಿದರೆ ನೀನು ಕಳಿಸುವುದಿಲ್ಲ ಅಂತ ಹೆದರಿದೆ. ಬಾಟಲಿ ಬಂದ ದಿನ ಮೊದಲ ಮಾತ್ರೆ ಕೊಟ್ಟಾಗ ನಿನ್ನ ಅಣ್ಣ ‘ಎಲ್ಲಿಂದ ತಂದೆ?’ ಅಂದರು. ಚೂಟಿ ಕಳಿಸಿದ್ದು ಅಂದೆ. ‘ನಂಗೆ ಅಂತಾನೇ ಕಳಿಸಿದ್ಳಾ?’ ಅಂದರು. ಹೌದು ಅಂದೆ. ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡರು. ‘ಅವಳು ದೊಡ್ಡವಳು ಕಣೇ, ನಾನೇ ಸಣ್ಣವನು’ ಅಂದರು. ಆಮೇಲೆ ನುಂಗಿದರು.

ಏಪ್ರಿಲಿನಲ್ಲಿ ಅತ್ತೆಗೆ ಶುರುವಾಯಿತು. ಕಕ್ಕಸು ಒಂದೇ, ಚೊಂಬು ಒಂದೇ. ಅಂಟಿರಬೇಕು. ಆಗಲಾದರೂ ಬರೆಯಬಹುದಿತ್ತು. ‘ಅತ್ತೆಗೆ ಶುರುವಾಗಿದೆ’ ಅಂತ ಬರೆದೆ, ಆಮೇಲೆ ನಡುವೆ ‘ಮತ್ತೆ’ ಅಂತ ಸೇರಿಸಿದೆ. ಅಷ್ಟೇ. ಆರು ವರ್ಷದಲ್ಲಿ ನಿನಗೆ ಬರೆದ ಸುಳ್ಳು ಅದೊಂದೇ ಪದ. ಆ ಪದ ಇಲ್ಲದಿದ್ದರೆ ಮೊದಲಿನದೆಲ್ಲ ಬಯಲಾಗುತ್ತಿತ್ತು. ನೀನು ಅದನ್ನು ನಂಬಿ ಮೂರನೇ ಸಲ ಅಂತ ಲೆಕ್ಕ ಹಾಕಿದೆ, ಪುಕ್ಕಟೆ ಮಾತ್ರೆ ಬೇಡ, ಕಾಯಿರಿ ಅಂದೆ. ನಾನು ಕಾದೆ. ‘ಮೊದಲನೇ ಸಲವಾಗಿದ್ದರೆ ಅದನ್ನೇ ಕೊಡಿ ಅನ್ನುತ್ತಿದ್ದೆ’ ಅಂತಲೂ ನೀನು ಬರೆದಿದ್ದೆ. ಆ ಸಾಲನ್ನು ಓದಿದೆ. ನಾನು ಹೇಳದೆ ಹೋದದ್ದಕ್ಕೆ ಇಷ್ಟು ಬೆಲೆ ಅಂತ ಆಗ ಅನ್ನಿಸಲಿಲ್ಲ. ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಅಂಚೆಯವನ ದಾರಿ ನೋಡಿದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದರು, ‘ಇದು ಎಷ್ಟನೇ ಸಲ?’ ಅಂತ. ನಿನ್ನ ಅಣ್ಣ ಪಕ್ಕದಲ್ಲೇ ಇದ್ದರು. ಮೊದಲನೇ ಸಲ ಅಂದೆ. ‘ಮತ್ಯಾಕಮ್ಮ ಮೂರು ವಾರ ಮನೇಲಿಟ್ಕೊಂಡ್ರಿ? ಮಾತ್ರೆ ಇಲ್ಲೇ ಇತ್ತಲ್ಲ, ಪುಕ್ಕಟೆ ಕೊಡ್ತಿದ್ವಲ್ಲ’ ಅಂದರು. ಅವರು ಬೈಯಲಿಲ್ಲ, ಸುಮ್ಮನೆ ಕೇಳಿದರು. ನನ್ನ ಹತ್ತಿರ ಉತ್ತರ ಇತ್ತು, ಕೊಡಲಿಲ್ಲ.

ಹಾಗಾಗಿ ನೀನು ಕೊಂದದ್ದಲ್ಲ. ಅದನ್ನು ತಿಳಿಸುವುದಕ್ಕೇ ಇಷ್ಟು ಬರೆದೆ. ನಿನ್ನ ಮೇಲೆ ನೀನು ಹೊತ್ತುಕೊಂಡದ್ದನ್ನು ಇಳಿಸು. ಅದು ನನ್ನದು. ನಿನ್ನ ಅಣ್ಣನಿಗೆ ಇನ್ನೂ ಏನೂ ಹೇಳಿಲ್ಲ. ಚೂಟಿ ಯಾಕೆ ಬರಲಿಲ್ಲ, ಇನ್ನೂ ಕೋಪವೇನೋ, ಮಾತ್ರೆ ಕಳಿಸಿದಳಲ್ಲ ಅಂತ ದಿನಾ ಕೇಳುತ್ತಾರೆ.

ಇನ್ನೊಂದು ಮಾತು. ಇದನ್ನು ಕೇಳುವ ಮುಖ ನನಗಿಲ್ಲ, ಕೇಳದೆ ಇದ್ದರೆ ಅದೂ ಮುಚ್ಚಿಟ್ಟ ಹಾಗೆ. ಅತ್ತೆ ಹೋದ ನಾಲ್ಕನೇ ದಿನ ನಿನ್ನ ಎರಡನೇ ಪಾರ್ಸೆಲ್ ಬಂತು. ಒಡೆದಿಲ್ಲ. ಹತ್ತು ದಿನದಿಂದ ನನಗೂ ಶುರುವಾಗಿದೆ. ಆಸ್ಪತ್ರೆಗೆ ಹೋದೆ. ಪುಕ್ಕಟೆ ಮಾತ್ರೆ ಕೊಟ್ಟಿದ್ದಾರೆ, ಎಂಟು ದಿನವಾಯಿತು, ನಿಂತಿಲ್ಲ. ಅತ್ತೆಗೆ ಅದೇ ಮಾತ್ರೆ ಕೆಲಸ ಮಾಡುತ್ತಿತ್ತೋ ಇಲ್ಲವೋ ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಇವತ್ತು ಮೇಜಿಗೆ ಒರಗಿಕೊಂಡೇ ಬಟ್ಟೆ ಮಡಚಿದೆ.

ಅದು ನೀನು ಅಮ್ಮನಿಗೆ ಅಂತ ಕಳಿಸಿದ್ದು. ಕೆಲಸ ಹೋಗಿರುವ ನಿನಗೆ ವಾಪಸ್ಸು ಕಳಿಸಿದರೆ, ಮಾರಿದ ದುಡ್ಡು ಎರಡು ಮೂರು ತಿಂಗಳ ಬದುಕಾದೀತು. ಕಳಿಸು ಅಂದರೆ ನಾಳೆಯೇ ಕಳಿಸುತ್ತೇನೆ. ಈ ಸಲ ಬಿಡಿಸಿ ಬರೆಯುತ್ತಿದ್ದೇನೆ: ಕಾಯಿಲೆ ಅವರಿಗಲ್ಲ, ನನಗೆ. ಒಡೆಯಲೋ ಬೇಡವೋ ಹೇಳು.

ಅತ್ತಿಗೆ


ಮೇ 16

ಒಡೆಯಿರಿ.

ಆರು ಗಂಟೆಗೊಂದು. ನಿಂತರೂ ಬಿಡಬಾರದು, ಐವತ್ತಾರೂ ಮುಗಿಸಬೇಕು. ಆಸ್ಪತ್ರೆಯ ಪುಕ್ಕಟೆ ಮಾತ್ರೆ ಮುಂದುವರಿಸಬೇಕೇ ಅಂತ ಡಾಕ್ಟರಮ್ಮನನ್ನು ಕೇಳಿ, ಎಲ್ಲವನ್ನೂ ಹೇಳಿ ಕೇಳಿ. ಕಕ್ಕಸಿಗೆ ಸೋಪು ಸಾಲದು, ಬ್ಲೀಚಿಂಗ್ ಪುಡಿ ಹಾಕಿ ತೊಳೆಯಿರಿ. ಚೊಂಬು ಬೇರೆ ಮಾಡಿ.

ಅವನಿಗೆ ಏನೂ ಹೇಳಬೇಡಿ. ನಾನು ಅವನಿಗೇ ಕಳಿಸಿದೆ ಅಂತ ಅಂದುಕೊಂಡಿರಲಿ.

ಮಾತ್ರೆ ಮುಗಿದ ಮೇಲೆ ನನಗೆ ಕಾಗದ ಬರೆಯಬೇಡಿ.